ಸೂಜಿದಿಂಬಿನ ಒಡಲು

ತಾಡೋಲೆಗಳ ಪಾಠಾಂತರಗಳನ್ನು ಹೋಲಿಸುವುದರಲ್ಲಿಯೂ ಟೀಕಾಗ್ರಂಥಗಳ ವ್ಯಾಸಂಗದಲ್ಲಿಯೂ ಆಯುಷ್ಯದ ಬಹುಭಾಗವನ್ನು ಕಳೆದ ನಾನು, ಸೂಜಿ ಚುಚ್ಚಿಡುವ ದಿಂಬಿನ ಕುರಿತು ಬರೆಯಲು ಕುಳಿತಿರುವುದನ್ನು ಕಂಡರೆ ನನ್ನನ್ನು ಬಲ್ಲ ಓದುಗ ಬಂಧುಗಳು ನಕ್ಕಾರು. ನಗುವುದರಲ್ಲಿ ತಪ್ಪಿಲ್ಲ. ಅಂಗಡಿಯವರು ಪಿನ್ ಕುಷನ್ ಎಂದು ಕರೆಯುವ, ನಮ್ಮ ಮನೆಯಲ್ಲಿ ಸೂಜಿದಿಂಬು ಎಂದೇ ಹೆಸರಾದ ಈ ವಸ್ತು ಅಂಗೈಗಿಂತ ದೊಡ್ಡದಲ್ಲ. ಆದರೂ ಅದರ ಹೊಟ್ಟೆಯೊಳಗೆ ಏನನ್ನು ತುಂಬಬೇಕೆಂಬ ವಿಷಯದಲ್ಲಿ ನಾನು ಮಾಡಿದ ಒಂದು ಅವಿವೇಕವು ಹದಿಮೂರು ವರ್ಷಗಳ ಕಾಲ ನನ್ನ ಮನೆಯಲ್ಲಿ ಮಾತಿಲ್ಲದೆ ಉಳಿದಿತ್ತು. ಅದನ್ನು ಹೇಳಿಕೊಳ್ಳುವುದು ಈ ಬರಹದ ಒಂದು ಉದ್ದೇಶ. ಸೂಜಿದಿಂಬನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ತಾಯಂದಿರಿಗೆ, ಅಕ್ಕತಂಗಿಯರಿಗೆ ನನ್ನ ತಪ್ಪಿನಿಂದ ನಾಲ್ಕು ಉಪಯುಕ್ತ ಸಂಗತಿಗಳು ತಿಳಿಯಲಿ ಎಂಬುದು ಇನ್ನೊಂದು.

ಸೂಜಿಯೆಂಬ ಮಾತು ಸಂಸ್ಕೃತದ ‘ಸೂಚಿ’ಯ ತದ್ಭವ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದರೆಂಬುದನ್ನು ಓದುಗರು ಬಲ್ಲರು. ಅವರ ಹೆಸರನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಗೌರವದಿಂದ ಉಚ್ಚರಿಸಿದ್ದೇನೆ. ಆದರೆ ಹೊಲಿದಾದ ಮೇಲೆ ಆ ಸೂಜಿ ಎಲ್ಲಿ ವಿಶ್ರಮಿಸುತ್ತದೆ, ಹೇಗೆ ಕೆಡದೆ ಉಳಿಯುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಯೋಚಿಸಲು ಸಂದರ್ಭ ಇಲ್ಲದಿರಲಿಲ್ಲ. 1970ರ ದಶಕದಲ್ಲಿ ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ನಮ್ಮ ಅಂಗಿಯ ಗುಂಡಿಗಳನ್ನು ನಾವೇ ಹಚ್ಚಿಕೊಳ್ಳಬೇಕಾಗಿತ್ತು. ಕೋಣೆಗೆ ಒಂದೇ ಸೂಜಿ. ಅದನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುತ್ತಿದ್ದೆವು. ಆಷಾಢ ಬಂತೆಂದರೆ ಅದು ಕೆಂಪಗೆ ತುಕ್ಕು ಹಿಡಿದು, ಕಾಗದಕ್ಕೂ ಒಂದು ಕಂದು ಕಲೆಯನ್ನು ಬಿಟ್ಟು, ಬಟ್ಟೆಯೊಳಗೆ ಹೋಗಲಾರೆನೆಂದು ಹಟ ಹಿಡಿಯುತ್ತಿತ್ತು. ಇತ್ತ ಅಡುಗೆಮನೆಯಲ್ಲಿ ಜೋಳದ ಚೀಲಗಳ ಬಾಯಿ ಹೊಲಿಯುವ ದಬ್ಬಣವೊಂದು ಇತ್ತು. ಅಡುಗೆಯ ಅಜ್ಜ ಅದನ್ನು ಹಳೆಯ ಕಂಬಳಿಯ ತುಂಡೊಂದನ್ನು ಸುತ್ತಿ ಕಟ್ಟಿದ ಉಂಡೆಗೆ ಚುಚ್ಚಿ ತೊಲೆಗೆ ತೂಗುಹಾಕಿದ್ದರು. ಆ ದಬ್ಬಣ ಆರು ವರ್ಷ ನನ್ನ ಕಣ್ಣೆದುರಿಗೇ ಇತ್ತು. ಒಂದು ದಿನವೂ ಅದರ ಮೇಲೆ ತುಕ್ಕು ಕಂಡವನಲ್ಲ. ಒಂದೇ ಸೂರಿನ ಕೆಳಗೆ ಒಂದು ಕಬ್ಬಿಣ ಕೆಡುತ್ತದೆ, ಇನ್ನೊಂದು ಉಳಿಯುತ್ತದೆ. ಏಕೆಂದು ಕೇಳುವ ಬುದ್ಧಿ ತರ್ಕಶಾಸ್ತ್ರ ಓದುತ್ತಿದ್ದ ನನಗೆ ಹೊಳೆಯಲಿಲ್ಲ.

1985ರಲ್ಲಿ ನನ್ನ ವಿವಾಹವಾಯಿತು. ಧಾರವಾಡದ ಸಮೀಪದ ಹಳ್ಳಿಯಿಂದ ಬಂದ ನನ್ನ ಮನೆಯವರು ಕಸೂತಿಯಲ್ಲಿ ನುರಿತವರು. ಅವರ ತವರಿನ ಹೊಲಿಗೆಯ ಡಬ್ಬಿಯಲ್ಲಿ ದಾರದ ಉಂಡೆ, ಕತ್ತರಿಗಳ ಜೊತೆಗೆ ಲಿಂಬೆಹಣ್ಣಿಗಿಂತ ತುಸು ದೊಡ್ಡದಾದ, ಎಣ್ಣೆ ಇಳಿದು ಕಪ್ಪಾದ ಒಂದು ಬಟ್ಟೆಯ ಗುಂಡು ಇತ್ತು. ಸೂಜಿಗಳೆಲ್ಲ ಅದರಲ್ಲಿಯೇ ಇರುತ್ತಿದ್ದವು. ಕೈಗೆ ತೆಗೆದುಕೊಂಡರೆ ಕೊಬ್ಬರಿ ಎಣ್ಣೆಯ ಮಂದವಾದ ವಾಸನೆ. ಇಪ್ಪತ್ತಾರು ವರ್ಷ ನಾನು ಅದನ್ನು ನೋಡಿದ್ದೆ. ಒಳಗೇನಿದೆ ಎಂದು ಕೇಳಿರಲಿಲ್ಲ.

2011ರ ಬೇಸಿಗೆಯಲ್ಲಿ ಒಂದು ದಿನ ಅವರು ಊರಿಗೆ ಹೋಗಿದ್ದಾಗ, ಓಲೆಗಳ ಕಟ್ಟನ್ನು ಹೊಲಿಯಲೆಂದು ಸೂಜಿ ಹುಡುಕುತ್ತಾ ಆ ಡಬ್ಬಿಯನ್ನು ತೆರೆದೆ. ಗುಂಡಿನ ಹೊಲಿಗೆ ಒಂದು ಕಡೆ ಬಿಚ್ಚಿತ್ತು. ಅದರೊಳಗಿಂದ ಕೂದಲು ಇಣುಕುತ್ತಿತ್ತು! ಮನುಷ್ಯರ ಕೂದಲು, ಸುತ್ತಿ ಸುತ್ತಿ ಗಟ್ಟಿ ಮಾಡಿದ್ದು. ನನ್ನ ಮೈ ಜುಮ್ಮೆಂದಿತು. ಹೊಸ ಬಟ್ಟೆಗೆ ತಾಗುವ ಸೂಜಿ ಇಂಥ ಹೊಲಸಿನೊಳಗೆ ಇರುವುದೇ ಎಂದು ಅಸಹ್ಯಪಟ್ಟೆ. ಸೂತಕಗಳನ್ನು ನಿರಾಕರಿಸಿದ ಶರಣರ ಬಗ್ಗೆ ಹಿಂದಿನ ವಾರವಷ್ಟೇ ಉಪನ್ಯಾಸ ಮಾಡಿ ಬಂದವನು ನಾನೇ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸೂಜಿಗಳನ್ನು ಕಿತ್ತು ಬಟ್ಟಲಲ್ಲಿಟ್ಟು ಆ ಗುಂಡನ್ನು ಬೆಳಗಿನ ಕಸದ ಗಾಡಿಗೆ ಹಾಕಿಬಿಟ್ಟೆ.

ಎಸೆದ ಮೇಲೆ ಅದರ ಬದಲಿಗೆ ಒಂದನ್ನು ಮಾಡಿಡಬೇಕೆಂಬ ಧರ್ಮಬುದ್ಧಿ ಹುಟ್ಟಿತು. ಇಂಗ್ಲಿಷ್ ಪುಸ್ತಕವೊಂದರಲ್ಲಿ ಟೊಮೆಟೊ ಹಣ್ಣಿನಾಕಾರದ ಸೂಜಿದಿಂಬಿನ ಚಿತ್ರವನ್ನು ನೋಡಿದ್ದೆ. ದಿಂಬಿಗೆ ಮರದ ಹೊಟ್ಟನ್ನು ತುಂಬುತ್ತಾರೆ, ಅದಕ್ಕೆ ಜೋತುಬಿಟ್ಟ ಸ್ಟ್ರಾಬೆರಿ ಹಣ್ಣಿನಂಥ ಪುಟ್ಟ ಚೀಲಕ್ಕೆ ಕುರುಂದದ ಪುಡಿಯನ್ನು ತುಂಬುತ್ತಾರೆ ಎಂದು ಅದರಲ್ಲಿತ್ತು. ಗ್ರಂಥಪ್ರಮಾಣ ಸಿಕ್ಕಿತಲ್ಲ! ಬಂಡಿಯ ಕೆಲಸ ಮಾಡುವ ಬಡಿಗರ ಅಂಗಳಕ್ಕೆ ಹೋಗಿ, ಅಂದೇ ಕೊಯ್ದ ಜಾಲಿಮರದ ಹೊಟ್ಟನ್ನು ಒಂದು ಚೀಲ ತಂದೆ. ಕೆಂಪು ಅರಿವೆಯಲ್ಲಿ ತುಂಬಿ, ಹಸಿರು ದಾರದಿಂದ ಎಂಟು ಪಾಲಾಗುವಂತೆ ಬಿಗಿದು, ಮನೆಯವರು ಬಂದೊಡನೆ ಕೈಯಲ್ಲಿ ಕೊಟ್ಟೆ. ಹಳೆಯದು ಎಲ್ಲಿ ಎಂದು ಅವರು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸದನ್ನು ತಿರುಗಿಸಿ ನೋಡಿ, “ಚಲೋ ಆಗೇತ್ರಿ” ಎಂದರು. ನಾನು ಸಂತೋಷಪಟ್ಟೆ.

ಆ ವರ್ಷ ಮಗಳ ಮದುವೆ ನಿಶ್ಚಯವಾಗಿತ್ತು. ನಮ್ಮ ಭಾಗದಲ್ಲಿ ಮದುಮಗಳಿಗೆ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಉಡಿಸುವ ಹಳೆಯ ಸಂಪ್ರದಾಯವುಂಟು. ಮನೆಯವರು ಆ ಸೀರೆಯ ಸೆರಗಿಗೆ ಬಿಳಿಯ ರೇಷ್ಮೆದಾರದಲ್ಲಿ ಗೋಪುರಗಳ ಸಾಲನ್ನು ಹಾಕತೊಡಗಿದ್ದರು. ಕಸೂತಿಯನ್ನು ಬಲ್ಲ ಮನೆತನದವರಿಗೆ ನಾನು ಹೇಳಬೇಕಾದುದಿಲ್ಲ; ಉಳಿದವರಿಗಾಗಿ ಎರಡು ಮಾತು. ಅರಿವೆಯ ಮೇಲೆ ನಕ್ಷೆಯನ್ನು ಬರೆದುಕೊಳ್ಳದೆ, ನೆಯ್ಗೆಯ ಎಳೆಗಳನ್ನು ಎಣಿಸಿ ಸೂಜಿ ಇಳಿಸುವ ಕಲೆ ಇದು. ಗವಂತಿ, ಮುರ್ಗಿ, ನೇಯ್ಗಿ, ಹೆಂತೆ ಎಂದು ಹೊಲಿಗೆಯಲ್ಲಿ ನಾಲ್ಕು ಬಗೆ. ಗವಂತಿಯಲ್ಲಿ ಒಮ್ಮೆ ಮುಂದಕ್ಕೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ಮುಗಿದಾಗ ಅರಿವೆಯ ಎರಡೂ ಮೈಗಳಲ್ಲಿ ಒಂದೇ ಚಿತ್ರ ಕಾಣಬೇಕು. ಒಂದೊಂದು ಎಳೆಯ ನಡುವೆ ಹಲವು ಬಾರಿ ಓಡಾಡುವ ಸೂಜಿಯು ಎಷ್ಟು ನುಣುಪಾಗಿರಬೇಕೆಂಬುದನ್ನು ಇದರಿಂದಲೇ ಊಹಿಸಬಹುದು.

ಶ್ರಾವಣದ ಹೊತ್ತಿಗೆ ನನ್ನ ಕೆಂಪು ದಿಂಬಿನಿಂದ ತೆಗೆದ ಸೂಜಿಗಳು ಅರಿವೆಯೊಳಗೆ ತಡೆದು ತಡೆದು ಹೋಗತೊಡಗಿದವು. ಕಣ್ಣಿಗೆ ಕಾಣದಷ್ಟು ಸಣ್ಣ ತುಕ್ಕಿನ ಚುಕ್ಕೆಗಳು ಮೊನೆಯ ಮೇಲೆ ಎದ್ದಿದ್ದವು. ಕಪ್ಪು ಅರಿವೆಯ ಮೇಲೆ ಅವು ಗುರುತು ತೋರಿಸಲಿಲ್ಲ. ಬಿಳಿಯ ದಾರದ ಮೇಲೆ ತೋರಿಸಿದವು. ಒಂದು ಮಧ್ಯಾಹ್ನ ಕಿಟಕಿಯ ಬೆಳಕಿಗೆ ಸೆರಗನ್ನು ಹಿಡಿದಾಗ, ನಾಲ್ಕನೆಯ ಗೋಪುರ ಪೂರ್ತಿಯಾಗಿ ಚಹಾ ಚೆಲ್ಲಿದಂತೆ ಮಾಸಿರುವುದು ಕಂಡಿತು. ಲಿಂಬೆರಸ ಹಚ್ಚಿದರೆ ತುಕ್ಕಿನ ಕಲೆ ಹೋಗುತ್ತದೆ ನಿಜ. ಆದರೆ ಮದುವೆಯ ರೇಷ್ಮೆಗೆ, ಅದರ ಕಪ್ಪು ಬಣ್ಣಕ್ಕೆ ಹುಳಿಯನ್ನು ತಾಗಿಸುವ ಧೈರ್ಯ ಯಾರಿಗಿದೆ? ಮನೆಯವರು ಏಳು ರಾತ್ರಿ ಕುಳಿತು ಆ ಗೋಪುರವನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿದರು. ಗಂಟಿಲ್ಲದ ಕೆಲಸ ಬಿಚ್ಚಲು ಸುಲಭವೆಂದು ತಿಳಿಯಬಾರದು. ಹೋದ ದಾರಿಯಲ್ಲಿಯೇ ತಿರುಗಿ ಬರಬೇಕಾಗುತ್ತದೆ. ಮರಳಿ ತುಂಬಲು ಸಮಯ ಉಳಿಯಲಿಲ್ಲ. 2012ರ ಫೆಬ್ರವರಿಯಲ್ಲಿ ಮಗಳು ಆ ಸೀರೆಯನ್ನೇ ಉಟ್ಟಳು. ಬರಿದಾದ ಜಾಗ ಸೆರಗಿನ ಮಡಿಕೆಯೊಳಗೆ ಅಡಗಿತು. ಬಂದವರು ಯಾರೂ ಗಮನಿಸಲಿಲ್ಲ. ನಾನು ಮಂಟಪದಲ್ಲಿ ಕುಳಿತಷ್ಟು ಹೊತ್ತೂ ಆ ಮಡಿಕೆಯನ್ನೇ ನೋಡಿದೆ.

ಬಡಿಗರ ಹೊಟ್ಟು ಏಕೆ ಹೀಗೆ ಮಾಡಿತೆಂಬುದು ಈಗ ತಿಳಿದಿದೆ. ಹಸಿಮರದ ಹೊಟ್ಟಿನಲ್ಲಿ ನೀರಿನ ಅಂಶ ಬಹಳ. ಅದರ ಜೊತೆಗೆ ಮರದ ಹುಳಿ, ಒಗರು ಎರಡೂ ಇರುತ್ತವೆ. ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿದರೆ ತುಕ್ಕು ನಿಶ್ಚಿತ. ಹುಳಿ ಮತ್ತು ಉಪ್ಪು ಅದರ ವೇಗವನ್ನು ಹೆಚ್ಚಿಸುತ್ತವೆ. ಉಪ್ಪು ಎಲ್ಲಿಂದ ಬಂತೆಂದರೆ, ನಮ್ಮ ಬೆರಳಿನ ಬೆವರಿನಿಂದಲೇ. ಗ್ರಂಥವು ಮರದ ಹೊಟ್ಟು ಎಂದಿತ್ತೇ ಹೊರತು ಒಣಗಿದ ಹೊಟ್ಟು ಎಂದು ಬಿಡಿಸಿ ಹೇಳಿರಲಿಲ್ಲ. ಬಲ್ಲವರಿಗಾಗಿ ಬರೆದ ಪುಸ್ತಕಗಳು ಇಂಥದನ್ನು ಹೇಳುವುದಿಲ್ಲ. ಮೂಲಪಾಠಕ್ಕೆ ಟೀಕೆ ಬರೆಯುವವನಿಗೆ ಇದು ತಿಳಿದಿರಬೇಕಾಗಿತ್ತು.

2023ರಲ್ಲಿ ಮನೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಮೇ ತಿಂಗಳ ರಜೆಗೆ ಮಗಳು, ಹತ್ತು ವರ್ಷದ ಮೊಮ್ಮಗಳು ಬಂದರು. ಮೊಮ್ಮಗಳಿಗೆ ಕಸೂತಿ ಕಲಿಯುವ ಹಂಬಲ. ಅವಳಿಗೊಂದು ಸೂಜಿದಿಂಬು ಬೇಕೆಂಬ ಮಾತು ಬಂದಾಗ ನಾನು ಹಳೆಯ ಕಥೆಯನ್ನು ನಗುತ್ತಲೇ ಎತ್ತಿದೆ. ನಿನ್ನ ಅಜ್ಜಿ ಕೂದಲಿನ ಗುಂಡಿಗೆ ಸೂಜಿ ಚುಚ್ಚುತ್ತಿದ್ದಳು ನೋಡು ಎಂದೆ. ಮಗಳು ನನ್ನ ಮುಖ ನೋಡಿದಳು.

“ಅಪ್ಪಾಜಿ, ಅದರಾಗ ಇದ್ದದ್ದು ಆಯಿಯ ಕೂದಲಾ. ಅವ್ವ ನಿಮಗ ಹೇಳಿಲ್ಲೇನು?”

ನನ್ನ ಅತ್ತೆಯವರು 1998ರಲ್ಲಿ ಲಿಂಗೈಕ್ಯರಾದವರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಬಾಚಣಿಗೆಯಲ್ಲಿ ಬಂದ ತಮ್ಮ ಕೂದಲನ್ನು ಕೂಡಿಸಿ ಸುತ್ತಿ, ತಮ್ಮದೇ ಕುಪ್ಪಸದ ಅರಿವೆಯಲ್ಲಿ ಆ ಗುಂಡನ್ನು ಹೊಲಿದು ಡಬ್ಬಿಯಲ್ಲಿ ಇಟ್ಟಿದ್ದರಂತೆ.

ರಾತ್ರಿ ಮನೆಯವರನ್ನು ಕೇಳಿದೆ, ಅಂದೇ ಏಕೆ ಹೇಳಲಿಲ್ಲವೆಂದು. “ಹೇಳಿದ್ರ ಏನ ಆಗತಿತ್ರಿ? ಗಾಡಿ ಹೋಗಿತ್ತಲ್ಲ” ಎಂದು ದೀಪ ಆರಿಸಿದರು.

ಕೂದಲನ್ನು ತುಂಬುವುದು ನಮ್ಮ ಹಳ್ಳಿಯ ಅಜ್ಜಿಯರ ಹುಚ್ಚಲ್ಲವೆಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಹೆಂಗಸರು ಬಾಚಿದ ಕೂದಲನ್ನು ಕೂಡಿಡಲು ಕನ್ನಡಿಯ ಮುಂದೆ ತೂತಿನ ಮುಚ್ಚಳದ ಚಂದದ ಬಟ್ಟಲನ್ನೇ ಇಡುತ್ತಿದ್ದರು. ಆ ಕೂದಲಿನ ಒಂದು ಉಪಯೋಗ ಸೂಜಿದಿಂಬಿಗೆ ತುಂಬುವುದು. ಕೂದಲಿನ ಸಹಜವಾದ ಜಿಡ್ಡು ಸೂಜಿಯ ಮೈಗೆ ತೆಳುವಾಗಿ ಅಂಟಿ ನೀರನ್ನು ದೂರವಿಡುತ್ತದೆ, ಅರಿವೆಯೊಳಗೆ ಸಲೀಸಾಗಿ ಜಾರುವಂತೆಯೂ ಮಾಡುತ್ತದೆ. ಕೌದಿ ಹೊಲಿಯುವ ಅವ್ವಂದಿರು ನಡುನಡುವೆ ಸೂಜಿಯನ್ನು ತಲೆಗೂದಲಿನಲ್ಲಿ ಒಮ್ಮೆ ಎಳೆದುಕೊಳ್ಳುವುದನ್ನು ನೋಡದವರು ಯಾರು? ಅದನ್ನು ತಲೆ ಕೆರೆದುಕೊಳ್ಳುವುದೆಂದು ನಾನು ತಿಳಿದಿದ್ದೆ.

ಹೊಸದನ್ನು ನಾನೇ ಮಾಡುತ್ತೇನೆ, ಆದರೆ ಈ ಸಲ ಪರೀಕ್ಷಿಸಿ ಮಾಡುತ್ತೇನೆ ಎಂದು ಮನೆಯವರ ಅನುಮತಿ ಬೇಡಿದೆ. 2024ರ ಜುಲೈ 5ರ ಮಣ್ಣೆತ್ತಿನ ಅಮಾವಾಸ್ಯೆಯಂದು ಎಂಟು ಸಣ್ಣ ದಿಂಬುಗಳನ್ನು ಹೊಲಿದು, ಒಂದೊಂದಕ್ಕೆ ಮೂರರಂತೆ ಒಂದೇ ಪೊಟ್ಟಣದ ಇಪ್ಪತ್ತನಾಲ್ಕು ಸೂಜಿಗಳನ್ನು ಚುಚ್ಚಿ, ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಧಾರವಾಡ ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಇಲ್ಲಿ ಹಪ್ಪಳ ಗರಿಗರಿಯಾಗಿ ಉಳಿಯುವುದಿಲ್ಲ. ಸೆಪ್ಟೆಂಬರ್ 7ರ ಗಣೇಶನ ಚೌತಿಯವರೆಗೆ ಅವುಗಳನ್ನು ಮುಟ್ಟಲಿಲ್ಲ, ಒಂದನ್ನುಳಿದು.

ಆ ಒಂದು ಅಕ್ಕಿಯ ತೌಡಿನದು. ಎರಡನೆಯ ವಾರಕ್ಕೇ ಕಮಟು ವಾಸನೆ, ಆಮೇಲೆ ಇರುವೆ, ಆಮೇಲೆ ಹುಳು. ತೌಡಿನಲ್ಲಿ ಎಣ್ಣೆಯ ಅಂಶವಿದ್ದು, ಗಿರಣಿಯಿಂದ ಹೊರಬಂದೊಡನೆ ಅದು ಕೆಡತೊಡಗುತ್ತದೆ. ಕಾಳುಕಡಿಗಳನ್ನು ತುಂಬುವವರಿಗೂ ಹುಳು, ಇಲಿಗಳ ಕಾಟ ತಪ್ಪಿದ್ದಲ್ಲ. ತಿನ್ನುವ ವಸ್ತುವನ್ನು ತಿನ್ನಲು ಬಿಡುವುದೇ ಒಳ್ಳೆಯದು.

ಹಳೆಯ ಅರಿವೆಯ ಚಿಂದಿಯನ್ನು ತುಂಬಿದ್ದು ಮೊದಲ ದಿನವೇ ಸೋತಿತ್ತು. ಹೊಲಿಗೆಯ ಅಂಚುಗಳು ಒಳಗೆ ಗಂಟಾಗಿ ಸೂಜಿಯನ್ನು ತಡೆದು ಬಾಗಿಸಿದವು. ಹಳೆಯ ತಲೆದಿಂಬಿನಿಂದ ತೆಗೆದ ಪಾಲಿಯೆಸ್ಟರ್ ಅರಳೆಯಲ್ಲಿ ತುಕ್ಕು ಬರಲಿಲ್ಲ, ತೊಳೆದರೂ ಕೆಡುವುದಿಲ್ಲ. ಆದರೆ ಸೂಜಿ ಅದರಲ್ಲಿ ನೆಟ್ಟಗೆ ನಿಲ್ಲದೆ ಜಾರಿ ಬೀಳುತ್ತದೆ.

ಹತ್ತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎಲ್ಲರ ಮನೆಯಲ್ಲಿಯೂ ಕೈಗೆ ಮೊದಲು ಸಿಗುವುದು ಅದೇ. ಮೂರು ಸೂಜಿಗಳಲ್ಲಿ ಎರಡಕ್ಕೆ ತುಕ್ಕು ಹಿಡಿದಿತ್ತು. ಹತ್ತಿಯು ಗಾಳಿಯಲ್ಲಿನ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. 65 ಪ್ರತಿಶತ ಆರ್ದ್ರತೆಯ ಗಾಳಿಯಲ್ಲಿ ತನ್ನ ಒಣತೂಕದ ಸುಮಾರು 7–8 ಪ್ರತಿಶತ ನೀರು ಅದರಲ್ಲಿರುತ್ತದೆ. ಕ್ರಮೇಣ ಒತ್ತಿಕೊಂಡು ಗಂಟುಗಂಟಾಗುವ ದೋಷವೂ ಉಂಟು. ಬೂರುಗದ ಹತ್ತಿಯ ಸ್ವಭಾವ ಬೇರೆ. ಅದರ ಎಳೆಯ ಮೇಲೆ ಮೇಣದಂಥ ಲೇಪವಿದ್ದು ನೀರು ಅಂಟುವುದಿಲ್ಲ. ಸೂಜಿಗಳು ಹೊಳಪಾಗಿಯೇ ಇದ್ದವು. ಆದರೆ ಅದು ತೀರ ಹಗುರ, ತೀರ ಮೆತ್ತಗೆ. ಒಂದು ಸೂಜಿ ಒಳಗೆ ಮುಳುಗಿ ಕಾಣೆಯಾಯಿತು. ಮೊಮ್ಮಗಳ ಆಟಿಕೆಯಿಂದ ತೆಗೆದ ಸೂಜಿಗಲ್ಲನ್ನು ದಿಂಬಿನ ಮೇಲೆ ಆಡಿಸಿ ಅದನ್ನು ಎಳೆದು ತೆಗೆದೆ. ನಮ್ಮ ಹಿರಿಯರು ಅಯಸ್ಕಾಂತಕ್ಕೆ ಸೂಜಿಗಲ್ಲು ಎಂದೇ ಹೆಸರಿಟ್ಟ ಔಚಿತ್ಯ ಅಂದು ಪ್ರತ್ಯಕ್ಷವಾಯಿತು. ಮೆತ್ತನೆಯ ದಿಂಬಿರುವ ಮನೆಯಲ್ಲಿ ಮಕ್ಕಳಿದ್ದರೆ ಇಂಥ ಮುಳುಗಿದ ಸೂಜಿಯ ವಿಷಯದಲ್ಲಿ ಎಚ್ಚರ ಬೇಕು. ಒತ್ತಿದ ಕೈಗೆ ಅದು ಯಾವ ಕಡೆಯಿಂದ ಬರುತ್ತದೆಂದು ಹೇಳಲಾಗದು.

ಹಳ್ಳದ ಉಸುಕನ್ನು ತೊಳೆದು ಹುರಿದು ತುಂಬಿದ್ದೆ. ಭಾರವಾದ್ದರಿಂದ ಉರುಳುವುದಿಲ್ಲ, ಸೂಜಿಯ ಮೊನೆಯೂ ಮಿನುಗುತ್ತದೆ. ಆದರೆ ಆ ಮಿನುಗು ಸವೆತದ್ದು. ಮೇಲಿನ ನಿಕಲ್ ಲೇಪ ಗೀರುಬಿದ್ದು ಹೋದರೆ ಒಳಗಿನ ಉಕ್ಕು ಬರಿದಾಗುತ್ತದೆ. ಸೂಜಿಯ ರಂಧ್ರಗಳಿಂದ ಉಸುಕು ಸೋರುವುದು ಬೇರೆ. ಕುರುಂದದ ಪುಡಿಗೂ ಈ ಮಾತು ಅನ್ವಯಿಸುತ್ತದೆ. ಕಾಠಿಣ್ಯದ ಮಾಪನದಲ್ಲಿ ವಜ್ರಕ್ಕೆ 10, ಕುರುಂದಕ್ಕೆ 9. ಕೊರಂಡಮ್ ಎಂಬ ಇಂಗ್ಲಿಷ್ ಹೆಸರು ನಮ್ಮ ದ್ರಾವಿಡ ಭಾಷೆಗಳ ಕುರುಂದದಿಂದಲೇ ಹೋದದ್ದು. ಸಂಸ್ಕೃತದ ಕುರುವಿಂದವೂ ಅದರ ಬಂಧು. ಈ ಶಬ್ದದ ಯಾತ್ರೆಯನ್ನು ಕುರಿತು ಒಂದು ಸಂಜೆಯೆಲ್ಲ ಮಾತನಾಡಿ ಮನೆಯವರ ತಾಳ್ಮೆಯನ್ನು ಪರೀಕ್ಷಿಸಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೊಂಡಾದ ಅಥವಾ ತುಕ್ಕು ಹಿಡಿದ ಸೂಜಿಯನ್ನು ಕುರುಂದದ ಪುಟ್ಟ ಚೀಲದಲ್ಲಿ ನಾಲ್ಕಾರು ಬಾರಿ ಚುಚ್ಚಿ ತೆಗೆಯಬಹುದು. ಅದು ಸೂಜಿಯ ಸಾಣೆ, ಸೂಜಿಯ ಮನೆಯಲ್ಲ.

ಮರದ ಹೊಟ್ಟಿಗೂ ನ್ಯಾಯ ಸಲ್ಲಿಸಬೇಕೆಂದು, ಹಳೆಯ ಸಾಗುವಾನಿ ಬಾಗಿಲನ್ನು ಕೊಯ್ದ ಹೊಟ್ಟನ್ನು ಎಂಟು ದಿನ ಬಿಸಿಲಿಗೆ ಹಾಕಿ, ಜರಡಿ ಹಿಡಿದು ತುಂಬಿದ್ದೆ. ಒಂದು ಸೂಜಿ ಮಾತ್ರ ತುಸು ಮಂಕಾಗಿತ್ತು. ದೋಷ ಹೊಟ್ಟಿನದಾಗಿರಲಿಲ್ಲ.

ಎಂಟನೆಯದು ಉಣ್ಣೆ. ಜೂನಿನಲ್ಲಿ ಊರ ಹೊರಗಿನ ಹೊಲದಲ್ಲಿ ಕುರಿಯ ಹಿಂಡನ್ನು ತರುಬಿದ್ದ ಕುರಿಗಾರರ ಬಳಿ ಹೋಗಿ, ಕತ್ತರಿಸಿದ ಉಣ್ಣೆ ಒಂದು ಹಿಡಿ ಬೇಕೆಂದೆ. “ಯಾಕ್ರಿ ಯಜಮಾನ್ರ, ಈ ವಯಸ್ಸಿನ್ಯಾಗ ಕಂಬಳಿ ನೇಯಾವ್ರೇನ?” ಎಂದು ನಗುತ್ತಾ ಒಂದು ಚೀಲವನ್ನೇ ಕೊಟ್ಟರು, ಹಣ ಮುಟ್ಟಲಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಮೆರಿನೋ ತಳಿಯ ನಯವಾದ ಉಣ್ಣೆಯಲ್ಲಿರುವಷ್ಟು ಜಿಡ್ಡು ಇದರಲ್ಲಿ ಇಲ್ಲ. ಆದರೂ ಬೆರಳಿಗೆ ಹತ್ತುವಷ್ಟು ಇದೆ. ಅದನ್ನು ಸೋಡಾ, ಸಾಬೂನು ಹಾಕಿ ಒಗೆದರೆ ಆ ಜಿಡ್ಡೇ ಹೋಗಿಬಿಡುತ್ತದೆ. ಮುಳ್ಳು, ಕಸ ಆಯ್ದು, ತಣ್ಣೀರಿನಲ್ಲಿ ಎರಡು ಸಲ ಅದ್ದಿ, ನೆರಳಿನಲ್ಲಿ ಪೂರ್ತಿ ಒಣಗಿಸಿದರೆ ಸಾಕು. ವಿಚಿತ್ರವೆಂದರೆ, ಉಣ್ಣೆ ಗಾಳಿಯಿಂದ ಹತ್ತಿಗಿಂತ ಇಮ್ಮಡಿ ತೇವವನ್ನು ಹೀರುತ್ತದೆ. ಆದರೆ ಆ ತೇವ ಎಳೆಯ ಒಳಗೆ ಉಳಿಯುತ್ತದೆ. ಹೊರಮೈಯ ಜಿಡ್ಡು ಸೂಜಿಗೆ ಲೇಪವಾಗುತ್ತದೆ. ಚೌತಿಯಂದು ಮೂರೂ ಸೂಜಿಗಳು ಪೊಟ್ಟಣದಿಂದ ತೆಗೆದಂತೆ ಹೊರಬಂದವು.

ಮಠದ ಅಡುಗೆಯ ಅಜ್ಜನ ದಬ್ಬಣ ಆಗ ನೆನಪಾಯಿತು. ಒಂದು ಎಚ್ಚರಿಕೆ ಮಾತ್ರ: ಹೊಸ ಕಂಬಳಿಯ ತುಂಡನ್ನು ಹಾಗೆಯೇ ತುಂಬಬಾರದು. ನೇಯುವಾಗ ಅದಕ್ಕೆ ಹುಣಸೆಬೀಜದ ಸರಿಯನ್ನು ಹಚ್ಚಿರುತ್ತಾರೆ. ಅದು ತೇವವನ್ನೂ ಹುಳುವನ್ನೂ ಕರೆಯುತ್ತದೆ. ಅಜ್ಜನ ಕಂಬಳಿ ಎಷ್ಟೋ ಮಳೆ ಕಂಡು ಸರಿಯನ್ನು ಕಳೆದುಕೊಂಡಿದ್ದಿರಬೇಕು.

ಎಂಟೂ ದಿಂಬುಗಳನ್ನು ಮನೆಯವರ ಮುಂದಿಟ್ಟು, ನನ್ನ ಟಿಪ್ಪಣಿಯನ್ನು ಓದಿ ಹೇಳಿದೆ. ಅವರು ಟಿಪ್ಪಣಿಯನ್ನು ಕೇಳಲಿಲ್ಲ. ಒಂದೊಂದಕ್ಕೂ ಸೂಜಿಯನ್ನು ಚುಚ್ಚಿ ಕಿವಿಯ ಹತ್ತಿರ ಹಿಡಿದರು. ಹೊಟ್ಟಿನದು ಕಿರ್ರೆಂದಿತು, ಉಸುಕಿನದು ಕರಕರ ಎಂದಿತು. ಉಣ್ಣೆಯದಕ್ಕೆ ಬಂದಾಗ, “ಇದು ಸದ್ದ ಮಾಡಂಗಿಲ್ರಿ, ಇದ ಇರಲಿ” ಎಂದರು. ಎರಡು ತಿಂಗಳ ನನ್ನ ಪರೀಕ್ಷೆ ಅವರಿಗೆ ಎರಡು ನಿಮಿಷದ ಕೆಲಸವಾಗಿತ್ತು.

ಆಮೇಲೆ ನಾನು ಕೇಳಬೇಕೆಂದಿದ್ದುದನ್ನು ಕೇಳಿದೆ. ನಮ್ಮ ಕಡೆ ಬಾಚಿದ ಕೂದಲನ್ನು ಎಸೆಯುವುದಿಲ್ಲ. ಬಾಗಿಲ ಹಿಂದಿನ ಚೀಲದಲ್ಲಿ ಕೂಡಿಟ್ಟು, ಓಣಿಗೆ ಬರುವ ಕೂದಲಿನ ವ್ಯಾಪಾರಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನು, ಸೂಜಿಯನ್ನೋ ಪಡೆಯುವುದುಂಟು. ಕೊಪ್ಪಳದ ಬಳಿಯ ಭಾಗ್ಯನಗರದಲ್ಲಿ ಈ ಕೂದಲಿನದೇ ದೊಡ್ಡ ಉದ್ದಿಮೆ ಬೆಳೆದಿದೆ. ಮನೆಯವರ ಚೀಲವೂ ಅಲ್ಲಿ ತೂಗುತ್ತಿತ್ತು. ಅದರೊಳಗಿನದು ಸ್ವಲ್ಪ ಬೇಕೆಂದೆ. “ನನ್ನ ಬಿಳೀ ಕೂದಲಿಗೆ ಅಂವಾ ಏನ ಕೊಡತಾನ, ತಗೋರಿ” ಎಂದು ನಕ್ಕರು. ನಗು ನಿಂತ ಮೇಲೆ, “ಹೊಲಸ ಅನಸಂಗಿಲ್ಲೇನು?” ಎಂದರು. ನಾನು ಉತ್ತರ ಹೇಳಲಿಲ್ಲ, ಚೀಲವನ್ನು ಇಳಿಸಿಕೊಂಡೆ.

ಮಾಡಿದ ಬಗೆಯನ್ನು ಬರೆದಿಡುತ್ತೇನೆ. ಕೂದಲನ್ನು ಸಡಿಲವಾಗಿ ತುಂಬಿದರೆ ಅರಿವೆಯ ಸಂದಿನಿಂದ ಹೊರಬರುತ್ತದೆ. ಆದ್ದರಿಂದ ಧೂಳು ಕೊಡವಿ, ಬೆರಳಿಗೆ ಸುತ್ತಿ ಸುತ್ತಿ ಅಡಿಕೆಯ ಗಾತ್ರದ ಬಿಗಿಯಾದ ಉಂಡೆಗಳನ್ನು ಮಾಡಬೇಕು. ಅವುಗಳನ್ನು ನಡುವೆ ಇಟ್ಟು ಸುತ್ತಲೂ ಸುಮಾರು 50 ಗ್ರಾಂ ಉಣ್ಣೆಯನ್ನು ಒತ್ತಿ ತುಂಬಬೇಕು. ಇನ್ನು ಹಿಡಿಯದು ಎಂದಾಗ ಮತ್ತೊಂದು ಹಿಡಿ. ಒಳಪದರಕ್ಕೆ ಮಾದರಪಾಟು, ಮೇಲೆ ಒತ್ತಾದ ನೆಯ್ಗೆಯ ಗುಳೇದಗುಡ್ಡದ ಖಣ. ಅಡ್ಡಗಲ ನಾಲ್ಕು ಅಂಗುಲ, ದಪ್ಪ ಎರಡು ಅಂಗುಲಕ್ಕೆ ಕಡಿಮೆಯಿರಬಾರದು, ಇಲ್ಲವಾದರೆ ಸೂಜಿಯ ಮೊನೆ ಅಡಿಗೆ ಬರುತ್ತದೆ. ದಿಂಬು ಉರುಳದಂತೆ ತೆಂಗಿನ ಕರಟದಲ್ಲಿ ಉಸುಕಿನ ಪುಟ್ಟ ಗಂಟನ್ನಿಟ್ಟು ಅದರ ಮೇಲೆ ಕೂಡಿಸಿದೆ. ಉಸುಕಿಗೂ ಒಂದು ಕೆಲಸ ದೊರೆಯಿತು. ಉಣ್ಣೆಗೆ ನುಸಿ ಬೀಳದಂತೆ ಡಬ್ಬಿಯಲ್ಲಿ ಬಜೆಬೇರಿನ ಒಂದು ತುಂಡು. ಮಳೆಗಾಲದಲ್ಲಿ ಸೂಜಿಯನ್ನು ಒರಸಿಯೇ ಚುಚ್ಚಬೇಕು. ಬೆರಳಿನ ಬೆವರಿಗೆ ಯಾವ ಉಣ್ಣೆಯೂ ಪೂರ್ತಿ ಮದ್ದಲ್ಲ.

ದೀಪಾವಳಿಗೆ ಮಗಳು ಬರುವಾಗ ಚಂದ್ರಕಾಳಿ ಸೀರೆಯನ್ನು ತರಲು ಹೇಳಿದ್ದೆ. ಮೂರನೆಯ ಮತ್ತು ಐದನೆಯ ಗೋಪುರಗಳ ನಡುವೆ, ಬಿಚ್ಚಿದ ಹೊಲಿಗೆಯ ಸಣ್ಣ ರಂಧ್ರಗಳು ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತಿದ್ದವು. ಹೊಸ ಬಿಳಿದಾರ ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯದು ಹದಿಮೂರು ವರ್ಷಗಳಲ್ಲಿ ಕೆನೆಯ ಬಣ್ಣಕ್ಕೆ ತಿರುಗಿದೆ. ಪರವಾಗಿಲ್ಲವೆಂದು ಮಗಳೇ ಹೇಳಿದಳು.

ಈಗ ದಿನವೂ ಮಧ್ಯಾಹ್ನ ಊಟವಾದ ಮೇಲೆ ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತೇನೆ. ಮನೆಯವರು ಮೊದಲು ಸೂಜಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಾರೆ, ಆಮೇಲೆ ಎಳೆ ಎಣಿಸುತ್ತಾರೆ. ಆಯಾಸವಾದಾಗ ಅದನ್ನು ಒರಸಿ ದಿಂಬಿಗೆ ಚುಚ್ಚುತ್ತಾರೆ. ನಾಲ್ಕನೆಯ ಗೋಪುರ ಕಳಸದವರೆಗೆ ಬಂದಿದೆ.